ಮಾಳಿಗೆಯಿಂದ ತಾರಸಿಗೆ: ಸನತ್‌ನಗರದ ಮನೆಗಳೂ ಬೇಸಿಗೆಯೂ

ಹೈದರಾಬಾದಿನ ಕನ್ನಡಿಗರ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಶಾಲೆ, ಸಂಘ, ನಾಟಕಗಳ ಮೂಲಕ ಹೇಳಿಕೊಳ್ಳುತ್ತೇವೆ. ಅವರು ಬಾಳಿದ ಮನೆಗಳಿಗೂ ಒಂದು ಚರಿತ್ರೆಯಿದೆ. ಆ ಮನೆಗಳು ಬಿಸಿಲನ್ನು ಹೇಗೆ ತಡೆದವು, ಯಾವಾಗ ತಡೆಯಲಾರದೆ ಹೋದವು ಎಂಬುದು ವಿದ್ಯುತ್ ಬಿಲ್ಲು ಏರುತ್ತಿರುವ ಈ ಕಾಲದಲ್ಲಿ ವಿಚಾರಿಸತಕ್ಕ ಸಂಗತಿ.

1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಆ ಸೀಮೆಯ ಮನೆ ಎಂದರೆ ದಪ್ಪ ಕಲ್ಲುಗೋಡೆ, ಮರದ ತೊಲೆ ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಹಗಲಿನ ಬಿಸಿಲು ಆ ಮಣ್ಣನ್ನೂ ಗೋಡೆಯನ್ನೂ ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಮೇಲಿನ ಗವಾಕ್ಷಿಯಿಂದ ಬಿಸಿಗಾಳಿ ಹೊರಹೋಗುತ್ತಿತ್ತು. ಮುಂಗಾರಿಗೆ ಮುನ್ನ ಮಾಳಿಗೆಯ ಮೇಲಿನ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಮಣ್ಣು ಹಾಕಿ ಬಡಿಯುವುದು ಮನೆತನದ ಕೆಲಸವಾಗಿತ್ತು. ಸೋರದಂತೆ ಮಾಡಿದ ಈ ದುರಸ್ತಿಯೇ ಮನೆಯನ್ನು ತಂಪಾಗಿಯೂ ಇಡುತ್ತಿತ್ತು. ಎರಡೂ ಬೇರೆ ಬೇರೆ ಖರ್ಚುಗಳಾಗಿರಲಿಲ್ಲ.

ನಗರದ ಹಳೆಯ ಮನೆಗಳಲ್ಲಿ ಮಣ್ಣಿನ ಸ್ಥಾನವನ್ನು ಸುಣ್ಣದ ಗಾರೆ ಮತ್ತು ಗಚ್ಚು ವಹಿಸಿಕೊಂಡಿದ್ದವು. ನೆಲಕ್ಕೆ ಶಹಾಬಾದದ ಕಲ್ಲು, ಇಲ್ಲವೇ ತಾಂಡೂರಿನ ಕಲ್ಲು. ಶಹಾಬಾದ ಇಂದಿಗೂ ಕಲಬುರಗಿ ಜಿಲ್ಲೆಯಲ್ಲಿದೆ. ತಾಂಡೂರು ರಾಜ್ಯಗಳ ಪುನರ್ವಿಂಗಡಣೆಯವರೆಗೂ ಗುಲ್ಬರ್ಗ ಜಿಲ್ಲೆಗೇ ಸೇರಿತ್ತು. ಹೀಗೆ ಹೈದರಾಬಾದಿನವರ ಪಾದಕ್ಕೆ ತಂಪು ಕೊಟ್ಟದ್ದು ಬಹುಮಟ್ಟಿಗೆ ಕನ್ನಡ ಸೀಮೆಯ ಕಲ್ಲು.

ಸನತ್‌ನಗರದ ಕಥೆ ಬೇರೆ. ಅದು ಕಾರ್ಖಾನೆಗಳ ಸುತ್ತ ಬೆಳೆದ ಬಡಾವಣೆ. 1942ರಲ್ಲಿ ನಿಜಾಮ್ ಸರ್ಕಾರದ ಕೈಗಾರಿಕಾ ನಿಧಿಯ ನೆರವಿನಿಂದ ಹುಟ್ಟಿದ ಆಲ್ವಿನ್ ಕಂಪನಿ ಇಲ್ಲಿ ಬೆಳೆಯಿತು. ಬಸ್ಸಿನ ಮೈಗಳ ಜೊತೆಗೆ ಅದು ತಯಾರಿಸಿದ ರೆಫ್ರಿಜರೇಟರುಗಳು ದೇಶದ ಅಡುಗೆಮನೆಗಳನ್ನು ಸೇರಿದವು. 1952ರಲ್ಲಿ ಕೇಂದ್ರ ಸರ್ಕಾರ ಕಾರ್ಮಿಕರ ವಸತಿಗೆ ಸಹಾಯಧನದ ಯೋಜನೆಯನ್ನು ತಂದಿತು. ಸ್ವಾತಂತ್ರ್ಯಾನಂತರದ ಆ ದಶಕಗಳಲ್ಲಿ ದೇಶದ ಕೈಗಾರಿಕಾ ಬಡಾವಣೆಗಳಲ್ಲೆಲ್ಲ ಕಾಂಕ್ರೀಟಿನ ಚಪ್ಪಟೆ ತಾರಸಿಯೇ ರೂಢಿಯಾಯಿತು. ಅದು ಬೇಗ ಕಟ್ಟಬಹುದಾದದ್ದು, ವರ್ಷವರ್ಷವೂ ಮಣ್ಣು ಬೇಡದ್ದು, ಮುಂದೆ ಮೇಲೊಂದು ಅಂತಸ್ತು ಏರಿಸಬಹುದಾದದ್ದು. ಕೂಲಿಯವನಿಗೂ ಗುಮಾಸ್ತನಿಗೂ ಸೋರದ ಸೂರು ಕೊಟ್ಟ ಆ ಬದಲಾವಣೆಯನ್ನು ಹಳಿಯುವಂತಿಲ್ಲ. ಆದರೆ ನಾಲ್ಕೈದು ಅಂಗುಲದ ಬರಿಯ ಕಾಂಕ್ರೀಟು ಹಗಲೆಲ್ಲ ಕಾದು ರಾತ್ರಿ ಆ ಕಾವನ್ನು ಕೋಣೆಯೊಳಕ್ಕೆ ಬಿಡುತ್ತದೆ. ಮೇಲಂತಸ್ತಿನಲ್ಲಿ ಮಲಗುವ ಮುದುಕರೂ ಮಕ್ಕಳೂ ಬಲ್ಲ ಬೇಗೆ ಇದು.

ರೆಫ್ರಿಜರೇಟರಿನ ತತ್ತ್ವ ಇಲ್ಲಿ ನೆನಪಾಗಬೇಕು. ಅದರ ಯಂತ್ರ ಒಳಗಿನ ಶಾಖವನ್ನು ಹೊರಗೆ ಸಾಗಿಸುತ್ತದೆ. ಆದರೆ ಎರಡು ತಗಡುಗಳ ನಡುವೆ ಶಾಖ ನಿರೋಧಕ ಪದರವಿಲ್ಲದಿದ್ದರೆ ಯಂತ್ರ ದಿನವಿಡೀ ದುಡಿದರೂ ಸಾಲದು. ಪೆಟ್ಟಿಗೆಗೆ ಕೊಟ್ಟ ಈ ಪದರವನ್ನು ಮನೆಗೆ ಮಾತ್ರ ಯಾರೂ ಕೊಡಲಿಲ್ಲ. ಆಮೇಲೆ ಹವಾನಿಯಂತ್ರಕ ಬಂತು. ಅದಕ್ಕಾಗಿ ಗವಾಕ್ಷಿಗಳನ್ನು ಮುಚ್ಚಿದರು, ವರಾಂಡವನ್ನು ಗಾಜಿನಿಂದ ಕೋಣೆ ಮಾಡಿದರು. ತಂಪು ಕೊಂಡು ತರುವ ವಸ್ತುವಾಯಿತು.

ಸರ್ಕಾರಗಳು ಈ ಕಡೆಗೆ ನೋಡಿದ್ದು ತಡವಾಗಿ. ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ. ವಾಸದ ಮನೆಗಳ ಗೋಡೆ, ಸೂರು, ಕಿಟಕಿಗಳಿಗೆ ಸಂಬಂಧಿಸಿದ ‘ಇಕೋ ನಿವಾಸ್ ಸಂಹಿತಾ’ ಬಂದದ್ದು 2018ರಲ್ಲಿ. ಹೈದರಾಬಾದಿನ ದೇವರಕೊಂಡ ಬಸ್ತಿಯ 25 ಬಡಮನೆಗಳ ಸೂರಿಗೆ 2017ರಲ್ಲಿ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬಿಳಿಯ ಹೊದಿಕೆ ಹಾಕಿ ನೋಡಿದಾಗ ಒಳಗಿನ ಉಷ್ಣತೆ ಸರಾಸರಿ 2 ಡಿಗ್ರಿಯಷ್ಟು ಇಳಿಯಿತು. ತೆಲಂಗಾಣ ಸರ್ಕಾರ 2023ರ ಏಪ್ರಿಲ್‌ನಲ್ಲಿ ತಂಪು ಸೂರಿನ ನೀತಿಯನ್ನು ಪ್ರಕಟಿಸಿತು. ಆದರೆ ವಾಸದ ಮನೆಗಳಲ್ಲಿ ಅದು ಕಡ್ಡಾಯವಾದದ್ದು 600 ಚದರ ಗಜ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳಿಗೆ ಮಾತ್ರ. ಅದಕ್ಕಿಂತ ಸಣ್ಣ ನಿವೇಶನದ ಮನೆಯಲ್ಲಿ ನಿರ್ಧಾರ ಮನೆಯವರದು ಮತ್ತು ಅವರು ಕರೆಸುವ ಮೇಸ್ತ್ರಿಯದು.

ಆ ನಿರ್ಧಾರಕ್ಕೆ ಒದಗುವ ಗಳಿಗೆ ದುರಸ್ತಿಯದೇ. ತಾರಸಿ ಸೋರಿದಾಗ ಜಲನಿರೋಧಕ ಲೇಪ ಹೇಗೂ ಬಳಿಯಬೇಕು. ಬೂದುಬಣ್ಣದ ಬದಲು ಬಿಸಿಲನ್ನು ಪ್ರತಿಫಲಿಸುವ ಬಿಳಿಯ ಲೇಪ ಆರಿಸಿದರೆ ಕೂಲಿ ಹೆಚ್ಚಾಗದು. ಕಿಟಕಿ ಬದಲಿಸುವಾಗ ಪಡುವಣ ದಿಕ್ಕಿಗೆ ಆಳವಾದ ಸಜ್ಜಾ ಕೊಡಬಹುದು, ಎದುರುಬದುರು ಗಾಳಿಯ ದಾರಿ ಉಳಿಸಬಹುದು. ವೈರಿಂಗ್ ಬದಲಿಸುವಾಗ 75 ವಾಟಿನ ಹಳೆಯ ಫ್ಯಾನಿಗೆ ಪ್ರತಿಯಾಗಿ 30 ವಾಟಿನದನ್ನು ಹಾಕಿದರೆ, ದಿನಕ್ಕೆ 12 ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 16 ಯೂನಿಟ್ ಉಳಿಯುತ್ತದೆ. ಇಷ್ಟೂ ಮಾಡಿದ ಮೇಲೆ ಹವಾನಿಯಂತ್ರಕ ಬೇಕಾದರೂ ಸಣ್ಣದು ಸಾಕಾದೀತು. ಕ್ರಮ ತಿರುಗಿದರೆ, ಅಂದರೆ ಮೊದಲು ಯಂತ್ರ ತಂದು ಆಮೇಲೆ ಸೂರಿನ ಕಡೆ ನೋಡಿದರೆ, ಎರಡು ಸಲ ಖರ್ಚು.

ಸನತ್‌ನಗರದಂಥ ಬಡಾವಣೆಗಳ ಹಳೆಯ ಮನೆಗಳು ಒಂದೊಂದಾಗಿ ಒಡೆದು ಅಪಾರ್ಟ್‌ಮೆಂಟುಗಳಾಗುತ್ತಿವೆ. ಉಳಿದವುಗಳಲ್ಲಿ ದುರಸ್ತಿ ನಡೆಯುವುದು ಹದಿನೈದಿಪ್ಪತ್ತು ವರ್ಷಕ್ಕೊಮ್ಮೆ. ಒಮ್ಮೆ ತಪ್ಪಿದರೆ ಒಂದು ತಲೆಮಾರು ಅದೇ ಬೇಗೆಯಲ್ಲಿ ಮಲಗಬೇಕು, ಅದೇ ಬಿಲ್ಲು ಕಟ್ಟಬೇಕು. ಮಣ್ಣಿನ ಮಾಳಿಗೆಗೆ ಮರಳುವುದು ಇಂದು ಆಗದ ಮಾತು. ಮುಂಗಾರಿಗೆ ಮುನ್ನ ಮಾಳಿಗೆ ಹತ್ತುತ್ತಿದ್ದ ಹಿರಿಯರು ಮಳೆಯನ್ನೂ ಬಿಸಿಲನ್ನೂ ಒಟ್ಟಿಗೇ ಲೆಕ್ಕ ಹಾಕುತ್ತಿದ್ದರು. ಮೇಸ್ತ್ರಿಯೊಡನೆ ತಾರಸಿ ಹತ್ತುವ ನಾವೂ ಆ ಎರಡನ್ನೂ ಕೇಳಬಹುದು.