ಸರ್ಕಾರಿ ತಂತ್ರಾಂಶದ ಕೋಡ್ ಮತ್ತು ಅದರ ಕಡತ

ಈ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಅದರ ತಂತ್ರಾಂಶ ಬರೆದದ್ದು ಕೇಂದ್ರ ಸರ್ಕಾರದ್ದೇ ತಂತ್ರಾಂಶ ಸಂಸ್ಥೆಯಾದ ಎನ್‌ಐಸಿ. ಹಾಗಾಗಿ ಕೋಡ್ ಯಾರ ಬಳಿ ಇದೆ ಎಂದು ಯಾರೂ ಹೆಚ್ಚು ಕೇಳಬೇಕಿರಲಿಲ್ಲ. ಇಂಥ ಕೆಲಸಗಳು ಟೆಂಡರ್ ಮೂಲಕ ಕಂಪನಿಗಳಿಗೆ ಹೋಗತೊಡಗಿದ ಮೇಲೆ ಅದೇ ಮೊದಲು ಕೇಳಬೇಕಾದ ಪ್ರಶ್ನೆಯಾಯಿತು.

ಕೋಡನ್ನೂ ಅದರ ದಾಖಲೆಯನ್ನೂ ಇಡುವ ಸಾಧನಗಳೂ ಆ ವರ್ಷಗಳಲ್ಲೇ ಬದಲಾದವು. 1998ರಲ್ಲಿ ದೋಷಗಳ ಪಟ್ಟಿ ಇಡುವ ಬಗ್‌ಜಿಲ್ಲಾ, 2000ದಲ್ಲಿ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಬ್‌ವರ್ಷನ್, 2002ರಲ್ಲಿ ಕೆಲಸಗಳ ಪಟ್ಟಿ ಇಡುವ ಜಿರಾ ಬಂದವು. ಸಬ್‌ವರ್ಷನ್‌ನಲ್ಲಿ ಕೋಡಿನ ಪೂರ್ತಿ ಇತಿಹಾಸ ಒಂದೇ ಸರ್ವರಿನಲ್ಲಿರುತ್ತಿತ್ತು. ಸರ್ವರ್ ಯಾರದೋ ಇತಿಹಾಸವೂ ಅವರದೇ. 2005ರಲ್ಲಿ ಲಿನಕ್ಸ್ ಬಳಗಕ್ಕೆ ಕೋಡಿನ ಇತಿಹಾಸ ಇಡುವ ಬಿಟ್‌ಕೀಪರ್ ಉಚಿತವಾಗಿ ಸಿಗುವುದು ನಿಂತುಹೋದಾಗ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದರು. ಗಿಟ್‌ನಲ್ಲಿ ಪ್ರತಿಯೊಬ್ಬರ ಪ್ರತಿಯಲ್ಲೂ ಪೂರ್ಣ ಇತಿಹಾಸ ಇರುತ್ತದೆ. ಇಡೀ ಸರ್ಕಾರಿ ವಲಯಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಎಂದೇ ನನ್ನ ಭಾವನೆ.

ಸರ್ಕಾರಗಳೂ ತಮ್ಮ ಕೋಡ್ ಇಡುವ ಜಾಗ ಹುಡುಕತೊಡಗಿದವು. ಅಮೆರಿಕದ ರಕ್ಷಣಾ ಇಲಾಖೆ 2009ರಲ್ಲಿ ಫೋರ್ಜ್‌.ಮಿಲ್ ಎಂಬ ತನ್ನದೇ ಕೋಡ್ ತಾಣ ತೆರೆಯಿತು. ಅಮೆರಿಕ ಸರ್ಕಾರದೊಳಗೇ 2014ರಲ್ಲಿ ಹುಟ್ಟಿದ ತಂತ್ರಜ್ಞರ 18ಎಫ್ ತಂಡ ಬೇರೆ ದಾರಿ ಹಿಡಿದು ಮೊದಲ ದಿನದಿಂದಲೇ ಗಿಟ್ ಕೋಡ್ ಇಡುವ ಖಾಸಗಿ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರ ಕಣ್ಣೆದುರು ಕೆಲಸ ಮಾಡುವ ಪದ್ಧತಿ ಬೆಳೆಸಿತು. ಹೊಸದಾಗಿ ಬರೆಸಿದ ಕೋಡಿನಲ್ಲಿ ಕನಿಷ್ಠ ಶೇ 20ರಷ್ಟನ್ನಾದರೂ ಮುಕ್ತವಾಗಿ ಬಿಡಬೇಕೆಂದು ಅಲ್ಲಿನ ಒಕ್ಕೂಟ ಸರ್ಕಾರ 2016ರಲ್ಲಿ ಪ್ರಾಯೋಗಿಕವಾಗಿ ಸೂಚಿಸಿತು.

ಭಾರತ 2015ರಲ್ಲಿ ಮುಕ್ತ ತಂತ್ರಾಂಶ ನೀತಿಯನ್ನೂ ಸರ್ಕಾರಿ ಅನ್ವಯಗಳ ಕೋಡ್ ತೆರೆಯುವ ನೀತಿಯನ್ನೂ ಪ್ರಕಟಿಸಿ, 2017ರಲ್ಲಿ ಸರ್ಕಾರಿ ಕೋಡಿನ ತಾಣವಾಗಿ ಓಪನ್‌ಫೋರ್ಜ್ ಆರಂಭಿಸಿತು. ಅದಕ್ಕೆ ಆರಿಸಿಕೊಂಡ ಟುಲೀಪ್ ಮುಕ್ತ ತಂತ್ರಾಂಶ; ಕೋಡೂ, ದೋಷ ಮತ್ತು ಕೆಲಸಗಳನ್ನು ಒಂದೊಂದಾಗಿ ದಾಖಲಿಸುವ ಟಿಕೆಟ್‌ಗಳೂ ಅದರಲ್ಲಿ ಒಂದೇ ಸೂರಿನಡಿ ಇರುತ್ತವೆ. ಒಳ್ಳೆಯ ಆಯ್ಕೆಯೇ. ಆದರೂ 2020ರ ಮೇ ತಿಂಗಳಲ್ಲಿ ಕೋವಿಡ್ ಸಂಪರ್ಕ ಪತ್ತೆಯ ಆರೋಗ್ಯ ಸೇತು ಆ್ಯಪಿನ ಆಂಡ್ರಾಯ್ಡ್ ಕೋಡ್ ಹೊರಬಂದದ್ದು ಗಿಟ್‌ಹಬ್‌ನಲ್ಲಿ. ಸಿದ್ಧವಾದ ಆ್ಯಪಿನ ಕೋಡನ್ನು ಆಮೇಲೆ ತಂದು ಹಾಕಿದ್ದರಿಂದ ಯಾವ ಬದಲಾವಣೆ ಏಕೆ ಆಯಿತು ಎಂದು ಅಲ್ಲಿ ಓದಿ ತಿಳಿಯುವಂತಿರಲಿಲ್ಲ. ಅದೇ ಹೊತ್ತಿಗೆ ಜರ್ಮನಿಯ ಕೊರೊನಾ ಆ್ಯಪ್ ಜೂನ್‌ನಲ್ಲಿ ಬಿಡುಗಡೆಯಾಗುವ ಮೊದಲೇ ಅದರ ಕೋಡ್ ಗಿಟ್‌ಹಬ್‌ನಲ್ಲಿತ್ತು. ಸಾರ್ವಜನಿಕರು ಎತ್ತಿದ ತಕರಾರುಗಳಿಗೆ ತಂಡದವರು ಅಲ್ಲೇ ಉತ್ತರಿಸುತ್ತಿದ್ದರು. ಬಳಸಿದ ತಾಣ ಒಂದೇ, ಕೆಲಸದ ರೀತಿ ಬೇರೆ.

ನಮ್ಮ ಬೆಂಗಳೂರಿನ ಐಐಐಟಿಯಲ್ಲಿ ರೂಪುಗೊಂಡ ಮೊಸಿಪ್ ಎಂಬ ನಾಗರಿಕರ ಗುರುತಿನ ವ್ಯವಸ್ಥೆಯನ್ನು ಫಿಲಿಪೀನ್ಸ್, ಮೊರಾಕೊ ಬಳಸುತ್ತಿವೆ. ಅದರ ಕೋಡ್ ಗಿಟ್‌ಹಬ್‌ನಲ್ಲಿದೆ, ಕೆಲಸದ ಪಟ್ಟಿ ಜಿರಾದಲ್ಲಿದೆ. ಇಂಥ ಜೋಡಿ ಬಹಳ ಕಡೆ ಇದೆ, ತೊಡಕೂ ಅದರಲ್ಲೇ ಇದೆ. ಗಿಟ್ ಕೋಡನ್ನು ಒಂದೇ ಆದೇಶದಿಂದ ಬೇರೆ ಸರ್ವರಿಗೆ ಒಯ್ಯಬಹುದು. ಟಿಕೆಟ್‌ಗಳು ಹಾಗಲ್ಲ. ಶೀರ್ಷಿಕೆ, ವಿವರಣೆ ಬಂದಾವು. ಆದರೆ ಎಷ್ಟೋ ಸಲ ಟಿಪ್ಪಣಿ ಬರೆದವರ ಹೆಸರು ಕಳಚಿಕೊಳ್ಳುತ್ತದೆ, ಲಗತ್ತುಗಳು ಹಿಂದುಳಿಯುತ್ತವೆ, ಒಂದು ಟಿಕೆಟ್ಟಿಗೂ ಇನ್ನೊಂದಕ್ಕೂ ಇದ್ದ ಕೊಂಡಿ ಕಡಿಯುತ್ತದೆ, ಯಾರು ಯಾವಾಗ ಒಪ್ಪಿಗೆ ಕೊಟ್ಟರೆಂಬುದು ಅಳಿಸುತ್ತದೆ. ಕೋಡನ್ನು ಆದೇಶ ಪ್ರತಿ ಎಂದುಕೊಂಡರೆ ಟಿಕೆಟ್ ಅದರ ಹಿಂದಿನ ಟಿಪ್ಪಣಿ ಹಾಳೆ. ಹಾಳೆಯಿಲ್ಲದ ಕಡತವನ್ನು ಯಾವ ಲೆಕ್ಕ ಪರಿಶೋಧಕರೂ ಒಪ್ಪುವುದಿಲ್ಲ, ತಂತ್ರಾಂಶದ ವಿಷಯದಲ್ಲಿ ಮಾತ್ರ ನಾವು ಕೇಳುವುದನ್ನೇ ಮರೆಯುತ್ತೇವೆ.

ಇದರ ಮೇಲೆ, ಸಾಧನದ ಮಾಲೀಕರ ತೀರ್ಮಾನಗಳು ನಮ್ಮ ಕೈಯಲ್ಲಿಲ್ಲ. 2015ರಲ್ಲಿ ಗೂಗಲ್ ಕೋಡ್ ತಾಣವನ್ನು ಮುಚ್ಚುವ ಘೋಷಣೆಯಾಯಿತು. 2018ರಲ್ಲಿ ಗಿಟ್‌ಹಬ್ ಮೈಕ್ರೋಸಾಫ್ಟ್‌ನದಾಯಿತು; ಮರುವರ್ಷ ಅಮೆರಿಕದ ನಿರ್ಬಂಧಗಳ ಕಾರಣ ಇರಾನ್, ಸಿರಿಯಾ, ಕ್ರೈಮಿಯಾದ ಬಳಕೆದಾರರಿಗೆ ಅದರ ಕೆಲವು ಸೇವೆಗಳು ನಿಂತವು. ಜಿರಾದ ಸರ್ವರ್ ಆವೃತ್ತಿಗೆ ಬೆಂಬಲ 2024ರ ಫೆಬ್ರುವರಿಗೆ ಕೊನೆಗೊಂಡಿತು. ಸ್ವಂತ ಯಂತ್ರದಲ್ಲಿ ಅದನ್ನು ನಡೆಸುತ್ತಿದ್ದವರು ಕ್ಲೌಡಿಗೆ ಹೋಗಬೇಕಾಯಿತು, ಇಲ್ಲವೇ ದುಬಾರಿ ಆವೃತ್ತಿ ಕೊಳ್ಳಬೇಕಾಯಿತು. 2022ರಲ್ಲಿ ಯುರೋಪಿಯನ್ ಕಮಿಷನ್ ಮತ್ತು ಜರ್ಮನಿ ಎರಡೂ ಸ್ವಂತ ಸರ್ವರಿನಲ್ಲಿ ನಡೆಸಬಹುದಾದ ಗಿಟ್‌ಲ್ಯಾಬ್ ಆಧರಿಸಿ ತಮ್ಮ ಕೋಡ್ ತಾಣಗಳನ್ನು ತೆರೆದದ್ದು ವಿವೇಕದ ನಡೆ.

ಸ್ವಂತ ಸರ್ವರ್ ನಡೆಸಲು ಬ್ಯಾಕಪ್, ಭದ್ರತಾ ಪರಿಷ್ಕರಣೆ ನೋಡಿಕೊಳ್ಳುವ ಕಾಯಂ ಸಿಬ್ಬಂದಿ ಬೇಕು. ಚಿಕ್ಕ ಇಲಾಖೆಗೆ ಅದು ಭಾರ. ಅಂಥವರು ಗಿಟ್‌ಹಬ್, ಜಿರಾ ಬಳಸಲಿ, ತಪ್ಪಿಲ್ಲ. ಆದರೆ ಖಾತೆ ಇಲಾಖೆಯ ಹೆಸರಿನಲ್ಲಿರಲಿ, ಕಂಪನಿಯ ಹೆಸರಿನಲ್ಲಿ ಬೇಡ. ಗುತ್ತಿಗೆಯ ಕೊನೆಯ ಕಂತು ಕೊಡುವ ಮೊದಲು ಕೋಡನ್ನೂ ಟಿಕೆಟ್‌ಗಳನ್ನೂ ಬೇರೊಂದು ಯಂತ್ರಕ್ಕೆ ಇಳಿಸಿ, ಹೊಸಬರೊಬ್ಬರ ಕೈಯಲ್ಲಿ ಅವುಗಳಿಂದಲೇ ತಂತ್ರಾಂಶ ಕಟ್ಟಿಸಿ ನೋಡಬೇಕೆಂಬ ಷರತ್ತು ಟೆಂಡರಿನಲ್ಲೇ ಇರಬೇಕು.