ಕುದುರೆ ಏರಿದವನ ಗತ್ತು

ಸರಕಾರಿ ಅಧಿಕಾರಿಯೊಬ್ಬ ತನ್ನ ಮುಂದಿರುವ ಕಡತವನ್ನು ಸರಿಯಾಗಿ ಓದದೆ, ಬಡ ಅರ್ಜಿದಾರನ ಅಹವಾಲಿಗೆ ಕಿವಿಗೊಡದೆ ಆದೇಶ ಹೊರಡಿಸಿದನೆನ್ನಿ. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿದಾಗ ನ್ಯಾಯಾಧೀಶರು ಆ ಅಧಿಕಾರಿಯ ವರ್ತನೆಗೆ ಇಂಗ್ಲಿಷಿನ ಒಂದು ವಿಶೇಷಣ ಹಚ್ಚುವುದುಂಟು: ‘ಕ್ಯಾವಲಿಯರ್’. ಕನ್ನಡದಲ್ಲಿ ಇದನ್ನು ಉಡಾಫೆ, ಉದ್ಧಟತನ, ತಾತ್ಸಾರ ಎಂದೆಲ್ಲ ಹೇಳಬಹುದು. ಆದರೆ ಈ ಪದದ ಮೂಲಾರ್ಥದಲ್ಲಿ ಉಡಾಫೆಯೂ ಇಲ್ಲ, ತಾತ್ಸಾರವೂ ಇಲ್ಲ. ಅಲ್ಲಿರುವುದು ಒಂದು ಕುದುರೆ ಮಾತ್ರ. ಅದೂ ಅಂಥ ಒಳ್ಳೆಯ ಕುದುರೆಯೇನಲ್ಲ.

ಪ್ರಾಚೀನ ರೋಮನರ ಲ್ಯಾಟಿನ್ ಭಾಷೆಯಲ್ಲಿ ಕುದುರೆಗೆ ಎರಡು ಹೆಸರುಗಳಿದ್ದವು. ‘ಈಕ್ವಸ್’ ಎಂಬುದು ಗ್ರಂಥಸ್ಥ ಪದ. ಯುದ್ಧದ, ಮೆರವಣಿಗೆಯ, ಕಾವ್ಯದ ಕುದುರೆ ಅದು. ಕುದುರೆ ಸವಾರರ ಹೆಸರು ಹೊತ್ತ ‘ಈಕ್ವಿಟೀಸ್’ ಎಂಬ ಗಣ್ಯ ವರ್ಗವೇ ರೋಮಿನಲ್ಲಿತ್ತು. ನಾಲ್ಕು ಲಕ್ಷ ಸೆಸ್ಟರ್ಸ್ ನಾಣ್ಯಗಳಷ್ಟು ಆಸ್ತಿ ಇದ್ದವರಿಗಷ್ಟೇ ಅದರಲ್ಲಿ ಸ್ಥಾನ. ಇನ್ನೊಂದು ಪದ ‘ಕಬಾಲಸ್’. ಅದು ಜನಸಾಮಾನ್ಯರ ಬಾಯಿಮಾತಿನದು. ಹೊರೆ ಹೊರುವ, ದುಡಿದು ಸವೆದ ತಟ್ಟುಕುದುರೆಗೆ ಆ ಹೆಸರು.

ಸಾಮ್ರಾಜ್ಯ ಅಳಿದಾಗ ಉಳಿದುಕೊಂಡದ್ದು ಬಾಯಿಮಾತಿನ ಪದವೇ. ಇಟಲಿಯ ‘ಕವಾಲೊ’, ಸ್ಪೇನಿನ ‘ಕಬಾಯೊ’, ಫ್ರಾನ್ಸಿನ ‘ಶೆವಾಲ್’ ಮೂರೂ ಆ ತಟ್ಟುಕುದುರೆಯ ಸಂತಾನ. ಅದರ ಮೇಲೆ ಕುಳಿತವನು ‘ಕಬಲಾರಿಯಸ್’. ಅವನಿಂದ ಇಟಲಿಯ ‘ಕವಾಲಿಯೆರೆ’, ಸ್ಪೇನಿನ ‘ಕಬಾಯೆರೊ’, ಫ್ರಾನ್ಸಿನ ‘ಶೆವಾಲಿಯೆ’ ಹುಟ್ಟಿಕೊಂಡರು.

ಮಧ್ಯಯುಗದ ಯುರೋಪಿನಲ್ಲಿ ಯುದ್ಧದ ಕುದುರೆ, ಕವಚ, ಆಯುಧ, ಕುದುರೆ ನೋಡಿಕೊಳ್ಳುವ ಆಳು ಇವೆಲ್ಲ ಭೂಮಾಲೀಕರಿಗಷ್ಟೇ ನಿಲುಕುವ ಸಂಗತಿಗಳು. ಹಾಗಾಗಿ ‘ಸವಾರ’ ಎಂಬ ಪದ ನಿಧಾನವಾಗಿ ‘ಕುಲೀನ’ ಎಂಬ ಅರ್ಥ ಪಡೆಯಿತು. ಸವಾರನ ನಡತೆಯೇ ‘ಶಿವಲ್ರಿ’, ಅಂದರೆ ಶೌರ್ಯ, ಸೌಜನ್ಯ, ಸ್ತ್ರೀದಾಕ್ಷಿಣ್ಯಗಳ ಆದರ್ಶವಾಯಿತು. ತಟ್ಟುಕುದುರೆಯ ಹೆಸರಿಗೆ ಬಂದ ಭಾಗ್ಯವಿದು!

ಇಂಗ್ಲಿಷಿಗೆ ‘ಕ್ಯಾವಲಿಯರ್’ ಬಂದದ್ದು 16ನೆಯ ಶತಮಾನದ ಉತ್ತರಾರ್ಧದಲ್ಲಿ. ಬಂದಾಗಲೇ ಅದಕ್ಕೆ ಎರಡು ಮುಖಗಳಿದ್ದವು. ಕುದುರೆಯೇರಿದ ಧೀರ ಎಂಬುದು ಒಂದು; ಷೋಕಿಲಾಲ, ಜಂಬಗಾರ ಎಂಬುದು ಇನ್ನೊಂದು. ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಎರಡನೆಯ ಭಾಗದಲ್ಲಿ ಲಂಡನ್ನಿನ ಮೋಜುಗಾರರನ್ನು ಈ ಪದದ ಸ್ಪ್ಯಾನಿಷ್ ಧಾಟಿಯ ರೂಪದಿಂದಲೇ ನೆನೆಯಲಾಗಿದೆ.

ಪದಕ್ಕೆ ರಾಜಕೀಯದ ಬಣ್ಣ ಬಂದದ್ದು 1641ರ ಡಿಸೆಂಬರ್ ತಿಂಗಳ ಚಳಿಯಲ್ಲಿ. ದೊರೆ ಒಂದನೆಯ ಚಾರ್ಲ್ಸ್ ಮತ್ತು ಪಾರ್ಲಿಮೆಂಟಿನ ನಡುವೆ ತೆರಿಗೆ, ಧರ್ಮ, ಸೈನ್ಯದ ಹಿಡಿತ ಈ ಮೂರರ ಬಗೆಗೂ ಜಗಳ ತಾರಕಕ್ಕೇರಿತ್ತು. ವೆಸ್ಟ್‌ಮಿನ್‌ಸ್ಟರ್ ಬೀದಿಗಳಲ್ಲಿ ಘೋಷಣೆ ಕೂಗುತ್ತಿದ್ದ ಗುಂಪುಗಳಲ್ಲಿ ಕೆಲಸ ಕಲಿಯುವ ಹುಡುಗರು ಬಹಳ. ಅವರ ತಲೆಗೂದಲು ಮೋಟು. ಅವರನ್ನು ಚದುರಿಸಲು ಕತ್ತಿ ಹಿರಿದು ನಿಂತವರು ಅರಮನೆಯ ಕಡೆಯ ಸೈನಿಕ ಅಧಿಕಾರಿಗಳು. ಇವರು ಅವರನ್ನು ‘ರೌಂಡ್‌ಹೆಡ್’, ಅಂದರೆ ಬೋಳುಗುಂಡಿನವರು ಎಂದರು. ಅವರು ಇವರನ್ನು ‘ಕ್ಯಾವಲಿಯರ್’ ಎಂದರು. ಎರಡೂ ಬೈಗುಳಗಳೇ.

‘ಕ್ಯಾವಲಿಯರ್’ ಎಂಬುದರಲ್ಲಿ ಅಷ್ಟೇನು ಬೈಗುಳ? ಅದರಲ್ಲಿ ಸ್ಪೇನಿನ ‘ಕಬಾಯೆರೊ’ವಿನ ನೆರಳಿತ್ತು. ನೆದರ್‌ಲೆಂಡ್ಸಿನ ಪ್ರಾಟೆಸ್ಟೆಂಟರನ್ನು ತುಳಿದ ಕ್ಯಾಥೊಲಿಕ್ ಸ್ಪೇನಿನ ಕುದುರೆ ಸವಾರರ ನೆನಪು ಇಂಗ್ಲೆಂಡಿನಲ್ಲಿ ಇನ್ನೂ ಹಸಿಯಾಗಿತ್ತು. ದೊರೆಯ ಕಡೆಯವರನ್ನು ಆ ಹೆಸರಿನಿಂದ ಕರೆದರೆ, ಪರದೇಶದ ದಬ್ಬಾಳಿಕೆಗಾರರ ಸಾಲಿಗೆ ಸೇರಿಸಿದ ಹಾಗೆ. ದೊರೆಯ ಪಕ್ಷದವರು ಮಾಡಿದ ಉಪಾಯವೆಂದರೆ ಬೈಗುಳವನ್ನೇ ಬಿರುದು ಮಾಡಿಕೊಂಡದ್ದು. ಕುದುರೆಯೇರಿ ದೊರೆಯ ಸೇವೆ ಮಾಡುವ ಮರ್ಯಾದಸ್ಥನೇ ಕ್ಯಾವಲಿಯರ್ ಎಂದು ಅವರು ಎದೆಯುಬ್ಬಿಸಿದರು.

1642ರ ಜನವರಿ 4ರಂದು ಚಾರ್ಲ್ಸ್ ಐವರು ಸದಸ್ಯರನ್ನು ಬಂಧಿಸಲು ಸಶಸ್ತ್ರ ಬೆಂಬಲಿಗರೊಡನೆ ಕಾಮನ್ಸ್ ಸಭೆಗೇ ಹೋದ. ಅವರು ಮೊದಲೇ ಜಾಗ ಖಾಲಿ ಮಾಡಿದ್ದರು. ಅದೇ ವರ್ಷ ಯುದ್ಧ ಶುರುವಾಯಿತು.

ಬಿರುದಿನ ಬಲ ಮತ್ತು ದೌರ್ಬಲ್ಯ ಎರಡೂ ರಣರಂಗದಲ್ಲಿ ಬಯಲಾದವು. ದೊರೆಯ ಅಶ್ವದಳದ ನಾಯಕ ಅವನ ಸೋದರಿಯ ಮಗ ರಾಜಕುಮಾರ ರೂಪರ್ಟ್, ವಯಸ್ಸು 22. 1642ರ ಅಕ್ಟೋಬರ್ 23ರಂದು ಎಜ್‌ಹಿಲ್ಲಿನಲ್ಲಿ ಅವನ ಸವಾರರು ಎದುರಾಳಿ ಅಶ್ವದಳವನ್ನು ಒಂದೇ ಏಟಿಗೆ ಚೆಲ್ಲಾಪಿಲ್ಲಿ ಮಾಡಿದರು. ಆಮೇಲೆ? ಓಡುವವರನ್ನು ಅಟ್ಟಿಸಿಕೊಂಡು ಹೋಗಿ, ಸಾಮಾನು ಬಂಡಿಗಳ ಲೂಟಿಗೆ ಇಳಿದರು. ಇತ್ತ ರಣದಲ್ಲಿ ಅವರದೇ ಕಾಲಾಳುಗಳು ಆಸರೆಯಿಲ್ಲದೆ ಸಾಯುತ್ತಿದ್ದರು. ಗೆಲ್ಲಬಹುದಾಗಿದ್ದ ಕದನ ಯಾರದೂ ಆಗದೆ ಮುಗಿಯಿತು.

1645ರ ಜೂನ್ 14ರಂದು ನೇಸ್‌ಬಿಯಲ್ಲಿ ಅದೇ ಕತೆ ಮರುಕಳಿಸಿತು. ರೂಪರ್ಟನ ಸವಾರರು ಎದುರಿನ ಸಾಲನ್ನು ಸೀಳಿ ಸಾಮಾನು ಬಂಡಿಗಳವರೆಗೆ ಹೋದರು. ಆಲಿವರ್ ಕ್ರಾಮ್‌ವೆಲ್ಲನ ಸವಾರರು ಮಾತ್ರ ತಮ್ಮ ಎದುರಾಳಿಗಳನ್ನು ಚದುರಿಸಿ, ಲಗಾಮು ಎಳೆದು, ಮತ್ತೆ ಸಾಲುಗೂಡಿ ದೊರೆಯ ಕಾಲಾಳುಗಳ ಮೇಲೆ ತಿರುಗಿದರು. ಆ ದಿನದೊಂದಿಗೆ ಚಾರ್ಲ್ಸನ ಮುಖ್ಯ ಸೇನೆ ಮುಗಿದಂತಾಯಿತು. ಈ ವ್ಯತ್ಯಾಸವನ್ನು ಬರೆದಿಟ್ಟವನು ಶತ್ರುವಲ್ಲ, ದೊರೆಯ ಪಕ್ಷದ ಇತಿಹಾಸಕಾರ ಕ್ಲಾರೆಂಡನ್. ವಿಪರ್ಯಾಸ ನೋಡಿ: ಇಡೀ ಯುದ್ಧದ ಅತ್ಯುತ್ತಮ ಸವಾರರು ‘ಸವಾರ’ರೆಂಬ ಹೆಸರು ಪಡೆದ ಪಕ್ಷದಲ್ಲಿರಲಿಲ್ಲ.

1649ರ ಜನವರಿ 30ರಂದು ಚಾರ್ಲ್ಸನ ಶಿರಚ್ಛೇದವಾಯಿತು. ‘ಕ್ಯಾವಲಿಯರ್’ ಎಂಬುದು ಇಂಗ್ಲಿಷಿನಲ್ಲಿ ಹಗುರವಾಗಿ ಕಾಣುವ, ಲಕ್ಷ್ಯವಿಲ್ಲದ ಎಂಬ ವಿಶೇಷಣವಾಗಿ ನೆಲೆಗೊಂಡದ್ದು ಇದರ ಆಸುಪಾಸಿನ ದಶಕಗಳಲ್ಲೇ. ಫ್ರೆಂಚಿನಲ್ಲೂ ಈ ಪದಕ್ಕೆ ಸಲೀಸು, ಸಲಿಗೆ ಮೀರಿದ ನಡೆ ಎಂಬ ಅರ್ಥ ಬಂದದ್ದು ಅದಕ್ಕೆ ಒತ್ತಾಸೆಯಾಯಿತು.

1660ರಲ್ಲಿ ಚಾರ್ಲ್ಸನ ಮಗ ಸಿಂಹಾಸನಕ್ಕೆ ಮರಳಿದ. 1661ರಿಂದ 1679ರವರೆಗೆ ನಡೆದ ಪಾರ್ಲಿಮೆಂಟಿಗೆ ‘ಕ್ಯಾವಲಿಯರ್ ಪಾರ್ಲಿಮೆಂಟ್’ ಎಂದೇ ಹೆಸರು. ಹೀಗೆ ಬಿರುದಿಗೆ ರಾಜಮರ್ಯಾದೆ ಮತ್ತೆ ಸಿಕ್ಕಿತು; ಮುಂದೆ ರಮ್ಯತೆಯ ಲೇಪವೂ ಆಯಿತು. ಡಚ್ ಕಲಾವಿದ ಫ್ರಾನ್ಸ್ ಹಾಲ್ಸ್ 1624ರಲ್ಲಿ ಬರೆದ, ಮೀಸೆ ತಿರುವಿದ ಗಂಡಸಿನ ಭಾವಚಿತ್ರವೊಂದಕ್ಕೆ 19ನೆಯ ಶತಮಾನದ ಲಂಡನ್ನಿನಲ್ಲಿ ‘ನಗುವ ಕ್ಯಾವಲಿಯರ್’ ಎಂದು ಹೆಸರು ಬಿತ್ತು. ಆತ ಚಾರ್ಲ್ಸನ ಪಕ್ಷದವನಲ್ಲ. ನಗುತ್ತಲೂ ಇಲ್ಲ, ತುಟಿಯಂಚಿನಲ್ಲಿ ಮುಗುಳುನಗೆಯಷ್ಟೆ. ಆದರೂ ಆ ಗತ್ತಿಗೆ ಬೇರೆ ಹೆಸರು ಯಾರಿಗೂ ತೋಚಲಿಲ್ಲ.

ಕುದುರೆಯಿಂದ ಅಂತಸ್ತು ಹುಟ್ಟುವುದು ಎಲ್ಲ ಭಾಷೆಗಳ ನಿಯಮವೇನಲ್ಲ. ಇಂಗ್ಲಿಷಿನ ‘ನೈಟ್’ ಪದದ ಮೂಲಾರ್ಥ ಹುಡುಗ, ಆಳು. ಕನ್ನಡದಲ್ಲಿ ದಾರಿ ತಿರುಗುಮುರುಗು. ನಮ್ಮ ‘ರಾವುತ’ ಸಂಸ್ಕೃತದ ‘ರಾಜಪುತ್ರ’ದಿಂದ ಬಂದವನು. ಅವನ ಹೆಸರಿನಲ್ಲಿ ಕುದುರೆಯೇ ಇಲ್ಲ. ಅಲ್ಲಿ ತಟ್ಟುಕುದುರೆಯವನು ಕುಲೀನನಾದ. ಇಲ್ಲಿ ರಾಜನ ಮಗ ಬರೀ ಸವಾರನಾದ.

ಆದರೆ ಪಾರಸಿಯಿಂದ ಬಂದ ‘ಸವಾರಿ’ಯನ್ನು ಕನ್ನಡಿಗರು ಬಳಸುವ ರೀತಿ ನೋಡಿ. ಮೆತ್ತಗಿರುವವರ ಮೇಲೆ ದರ್ಪ ತೋರುವವನನ್ನು ‘ನಮ್ಮ ಮೇಲೆ ಸವಾರಿ ಮಾಡುತ್ತಾನೆ’ ಎನ್ನುತ್ತೇವೆ. ವೆಸ್ಟ್‌ಮಿನ್‌ಸ್ಟರ್ ಬೀದಿಯ ಮೋಟುಗೂದಲಿನ ಹುಡುಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗುತ್ತಿರಲಿಲ್ಲ. ಕುದುರೆಯ ಮೇಲಿದ್ದವನು ತನಗೆ ಬಿರುದು ಕೊಟ್ಟುಕೊಳ್ಳಬಹುದು. ಆ ಬಿರುದಿನ ಅರ್ಥವನ್ನು ನಿಘಂಟಿಗೆ ಸೇರಿಸುವವರು ಮಾತ್ರ ನೆಲದ ಮೇಲೆ ನಡೆಯುವವರು.