ಮಣ್ಣು, ಮೇಸ್ತ್ರಿ, ಅಂಗಡಿ: ‘ಅಸ್ತ್ರ’ದ ಐವತ್ತು ವರ್ಷ

ಮನೆ ಕಟ್ಟುವ ಸಾಮಗ್ರಿ ಮಾರುವವರು, ಕಟ್ಟುವವರು, ಕಟ್ಟಿಸುವವರು ಒಂದೆಡೆ ಕೂಡಿ ಹೊಸದನ್ನು ಕಂಡುಕೊಂಡ ಚರಿತ್ರೆಯ ಬಗ್ಗೆ ಬರೆಯಬೇಕೆಂದು ಈ ಸ್ಮರಣ ಸಂಚಿಕೆಯ ಸಮಿತಿಯವರು ಕೇಳಿದ್ದಾರೆ. ಹೊಸದುರ್ಗ ಕಡೆಯ ನಮ್ಮ ಮತ್ತೋಡಿನಲ್ಲಿ ಅಂಥ ಮಾತು ಗಾಜಿನ ಬಳೆಯಿಂದಲೇ ಶುರುವಾಗಬೇಕು. ಟಿಪ್ಪುವಿನ ಪತನದ ಬಳಿಕ 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಊರಿನ ಗಾಜಿನ ಕುಲುಮೆಗಳ ವಿಷಯ ಬರೆದಿಟ್ಟಿದ್ದಾನೆ. ಸವುಳು ಮಣ್ಣಿನಿಂದ ಗಾಜು ಕರಗಿಸಿ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಳೆ ತೆಗೆಯುತ್ತಿದ್ದ ಕೈಗಳು ಇಲ್ಲಿದ್ದವು. ಕಾರ್ಖಾನೆಯ ಬಳೆ ಬಂದ ಮೇಲೆ ಆ ಕಸುಬು ಉಳಿಯಲಿಲ್ಲ. ಬಂಡವಾಳವಿಲ್ಲದ್ದು ಒಂದು ಕಾರಣ, ಒಪ್ಪೋಣ. ಆದರೆ ಕುಲುಮೆಯ ಅರಿವು ಕುಲುಮೆಯಲ್ಲೇ ಉಳಿಯಿತು. ಮಾರುವವನಿಗೂ ಓದಿದವನಿಗೂ ಅದರ ಗೊಡವೆ ಇರಲಿಲ್ಲ ಎಂಬುದೇ ದೊಡ್ಡ ಕಾರಣವೆಂದು ನನ್ನ ಎಣಿಕೆ. ಈ ಎಣಿಕೆಗೆ ಆಧಾರ ಸಿಗುವುದು ನಮ್ಮ ರಾಜ್ಯದಲ್ಲೇ ನಡೆದ, ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪ್ರಯತ್ನದಲ್ಲಿ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಹುಟ್ಟಿತು. ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗೆ ಒಯ್ಯಬೇಕೆಂಬ ಘಟಕ ಅದು. ಅದರ ಮೂಲಪುರುಷ ಅಮೂಲ್ಯ ರೆಡ್ಡಿಯವರು ವಿದ್ಯುತ್ ರಸಾಯನಶಾಸ್ತ್ರದ ಪಂಡಿತರು. ಅದೇ ಶಾಸ್ತ್ರದ ವಿಜ್ಞಾನಿ ಬೊಕ್ರಿಸ್ ಜೊತೆಗೂಡಿ ಅವರು ಬರೆದ ಪಠ್ಯವನ್ನು ಜಗತ್ತಿನ ವಿಶ್ವವಿದ್ಯಾಲಯಗಳು ಓದಿಸುತ್ತಿದ್ದವು. ಅಂಥವರು ಒಲೆ, ಸಗಣಿ, ಮಣ್ಣಿನ ಹಿಂದೆ ಹೊರಟದ್ದು ಸಣ್ಣ ಮಾತಲ್ಲ. ಇಷ್ಟು ದೊಡ್ಡ ಪ್ರಯೋಗಾಲಯಕ್ಕೆ ಇದು ತಕ್ಕ ಕೆಲಸವೇ ಎಂದು ಹುಬ್ಬೇರಿಸುವವರು ಇಂದೂ ಇದ್ದಾರೆ, ಅಂದು ಇನ್ನೂ ಹೆಚ್ಚು. ಆಗ ನಿರ್ದೇಶಕರಾಗಿದ್ದ ಸತೀಶ್ ಧವನ್ ಬೆನ್ನಿಗೆ ನಿಂತದ್ದರಿಂದ ಕೆಲಸ ಸಾಗಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದು, ಪುರ ಮೊದಲಾದ ಆರು ಹಳ್ಳಿಗಳಲ್ಲಿ ಜನ ಯಾವ ಇಂಧನವನ್ನು ಎಷ್ಟು ಉರಿಸುತ್ತಾರೆ, ಸೌದೆ ತರಲು ಎಷ್ಟು ದೂರ ನಡೆಯುತ್ತಾರೆ ಎಂದು ಮನೆಮನೆ ಹೊಕ್ಕು ಲೆಕ್ಕ ತೆಗೆದರು. ಉಪಾಯ ಹೇಳುವ ಮೊದಲು ಕೇಳಿಸಿಕೊಂಡದ್ದು ಈ ತಂಡದ ಹಿರಿಮೆ. ಒಲೆಯ ಕೆಲಸದಲ್ಲಿ ಲೋಕ್ರಸ್, ಮಣ್ಣಿನ ಕಟ್ಟಡದಲ್ಲಿ ಕೆ. ಎಸ್. ಜಗದೀಶ್, ಮುಂದೆ ಬಿ. ವಿ. ವೆಂಕಟರಾಮ ರೆಡ್ಡಿ, ಎಂ. ಆರ್. ಯೋಗಾನಂದ ಇವರ ಹೆಸರುಗಳನ್ನು ಗೌರವದಿಂದ ನೆನೆಯಬೇಕು.

ಮಣ್ಣಿನ ಇಟ್ಟಿಗೆಯ ಕತೆಯನ್ನು ಕೊಂಚ ಬಿಡಿಸಿ ಹೇಳುತ್ತೇನೆ. ನನ್ನ ಒಲವು ಆ ಕಡೆಗೇ ಎಂದು ಓದುಗರು ತಿಳಿದರೆ ತಪ್ಪಿಲ್ಲ. ಕೊಲಂಬಿಯಾದಲ್ಲಿ 1950ರ ದಶಕದಲ್ಲಿ ಬಂದ ಸಿನ್ವಾ-ರಾಮ್ ಎಂಬ ಕೈಯಂತ್ರ ಮೊದಲೇ ಇತ್ತು. ನಮ್ಮ ಮಣ್ಣಿಗೆ, ನಮ್ಮ ಕೂಲಿಯಾಳಿನ ಕೈಗೆ ಒಗ್ಗುವಂತೆ ‘ಅಸ್ತ್ರಮ್’ ಯಂತ್ರ ತಯಾರಾಯಿತು. ಕೆಮ್ಮಣ್ಣನ್ನು ಜರಡಿ ಹಿಡಿದು, ಜಿಗುಟು ಹೆಚ್ಚಿದ್ದರೆ ಮರಳು ಬೆರೆಸಿ, ನೂರಕ್ಕೆ ಏಳರಷ್ಟು ಸಿಮೆಂಟು ಹಾಕಿ, ಹದವಾಗಿ ನೀರು ಚಿಮುಕಿಸಿ, ಅಚ್ಚಿಗೆ ತುಂಬಿ ಸನ್ನೆಯನ್ನು ಜಗ್ಗಿದರೆ ಇಟ್ಟಿಗೆ ಮೇಲೇಳುತ್ತದೆ. ಸುಡಬೇಕಿಲ್ಲ, ಒಟ್ಟಿ, ಹುಲ್ಲು ಮುಚ್ಚಿ, ಮೂರು ನಾಲ್ಕು ವಾರ ನೀರು ಹೊಡೆದರೆ ಸಾಕು. ಎಂಟು ಕಿಲೋ ತೂಗುವ ಇಟ್ಟಿಗೆಯಾದರೆ ಒಂದು ಮೂಟೆ ಸಿಮೆಂಟಿಗೆ ಎಂಬತ್ತು ತೊಂಬತ್ತು ಬರುತ್ತವೆ. ಎಲ್ಲವೂ ನಿಂತಿರುವುದು ಹದದ ಮೇಲೆ. ಹೊಲದ ಎರೆಮಣ್ಣನ್ನು ಹಾಗೇ ತುಂಬಿದರೆ ಬಿರುಕು ಬಿಡುತ್ತದೆ, ಬರೀ ಮರಳಾದರೆ ಅಚ್ಚಿನಿಂದ ಎತ್ತುವಾಗಲೇ ಉದುರುತ್ತದೆ. ಸಂಯೋಜನೆಯ ಲೆಕ್ಕ ಪ್ರಯೋಗಾಲಯಕ್ಕೆ ಗೊತ್ತು; ಯಾವ ಕೆರೆಯಂಗಳದ, ಯಾವ ದಿಬ್ಬದ ಮಣ್ಣು ಎಂಥದ್ದೆಂಬುದು ಮೇಸ್ತ್ರಿಗೇ ಗೊತ್ತು. ಇಬ್ಬರೂ ಒಂದೇ ಗುಡ್ಡೆಯ ಮುಂದೆ ಕೂರದೆ ಇಟ್ಟಿಗೆ ಆಗುವುದಿಲ್ಲ. ಇದೇ ತಂಡ ರೂಪಿಸಿದ ‘ಅಸ್ತ್ರ ಒಲೆ’ಯದೂ ಇದೇ ನ್ಯಾಯ. ಗಾಳಿ ನುಗ್ಗುವ ಕಿಂಡಿ, ಪಾತ್ರೆಗಳ ನಡುವಿನ ದಾರಿ, ಹೊಗೆಗೊಳವೆ ಇವುಗಳ ಅಳತೆ ತಪ್ಪಿದರೆ ಸೌದೆಯೂ ಉಳಿಯದು, ಹೊಗೆಯೂ ಹೋಗದು. ಹಾಗಾಗಿ ಒಲೆಗಿಂತ ಮೊದಲು ಒಲೆ ಕಟ್ಟುವವರನ್ನು ತಯಾರು ಮಾಡಬೇಕಾಯಿತು.

ಮುಂದಿನ ದಶಕಗಳ ಮಾತು ಚುಟುಕಾಗಿ ಮುಗಿಯುತ್ತದೆ. ಕೇರಳದ ಕೊಲ್ಲಂನಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ವಿಚಾರಗಳ ಪ್ರಭಾವದಲ್ಲಿ ಶುರುವಾದ ನಿರ್ಮಿತಿ ಕೇಂದ್ರ 1988ರ ಹೊತ್ತಿಗೆ ದೇಶದ ಕಾರ್ಯಕ್ರಮವಾಯಿತು, ನಮ್ಮ ಜಿಲ್ಲೆಗಳಿಗೂ ಬಂತು. ಸಾಮಗ್ರಿ ತಯಾರಿಸಿ ಮಾರುವ, ಕೆಲಸಗಾರರಿಗೆ ಕಲಿಸುವ, ಜನರಿಗೆ ತೋರಿಸುವ ಮೂರೂ ಕೆಲಸ ಒಂದೇ ಅಂಗಳದಲ್ಲಿ ನಡೆಯಬೇಕೆಂಬುದು ಮೂಲ ಕಲ್ಪನೆ. ಆಮೇಲೆ ಅವು ಸರ್ಕಾರಿ ಕಟ್ಟಡಗಳ ಗುತ್ತಿಗೆ ಕೆಲಸದಲ್ಲೇ ಹೆಚ್ಚು ತೊಡಗಿದವು. ಟೆಂಡರ್ ಕರೆಯದೆ ಇಂಥ ಕೆಲಸ ವಹಿಸಲು ಬಿಡುವ 4(ಜಿ) ವಿನಾಯಿತಿಯ ಸುತ್ತ ಎದ್ದ ವಾದ ಎಲ್ಲರಿಗೂ ತಿಳಿದದ್ದೇ. ಸ್ಮರಣ ಸಂಚಿಕೆ ಅದಕ್ಕೆ ತಕ್ಕ ಜಾಗವಲ್ಲ, ಎರಡೂ ಕಡೆ ನಮ್ಮವರೇ ಇದ್ದಾರೆ. ಅಸ್ತ್ರವೂ ಈಗ ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದೆ.

ಇಷ್ಟಾದರೂ ಹಳ್ಳಿಗಳಲ್ಲಿ ಸುಟ್ಟ ಇಟ್ಟಿಗೆ, ಸಿಮೆಂಟ್ ಬ್ಲಾಕುಗಳೇ ಏಕೆ ಗೆದ್ದವು ಎಂದು ಕೇಳುವವರಿದ್ದಾರೆ. ಮಣ್ಣಿನ ಗೋಡೆ ಬಡತನದ ಗುರುತು, ಅದಕ್ಕೇ ಜನ ಒಲ್ಲರು ಎಂಬುದು ಸಿದ್ಧ ಉತ್ತರ. ಬೆಂಗಳೂರಿನಲ್ಲಿ ಉಳ್ಳವರು ಇದೇ ಇಟ್ಟಿಗೆಗೆ ಗಾರೆ ಬಳಿಯದೆ ಮೆರೆಸುತ್ತಿರುವಾಗ ಆ ಉತ್ತರ ಪೂರ್ತಿ ಸಾಲದು. ನಾನು ಕಾಣುವ ಕೊರತೆ ಬೇರೆ: ಪ್ರಯೋಗಾಲಯ ಮೇಸ್ತ್ರಿಯವರೆಗೆ ಬಂತು, ಅಂಗಡಿಯವರೆಗೆ ಬರಲಿಲ್ಲ. ಮನೆ ಕಟ್ಟಿಸುವವನು ಮೊದಲು ಹೋಗುವುದು ಕಬ್ಬಿಣ, ಸಿಮೆಂಟಿನ ಅಂಗಡಿಗೆ. ಅಲ್ಲಿ ಏನು ಕಂಡರೆ ಅದನ್ನೇ ಕಟ್ಟಿಸುತ್ತಾನೆ. ವ್ಯಾಪಾರಿಗೆ ಮಣ್ಣಿನ ಇಟ್ಟಿಗೆಯಲ್ಲಿ ಲಾಭವೇನು ಎಂಬ ಆಕ್ಷೇಪವೂ ಉಂಟು. ಆದರೆ ಗೋಡೆ ಯಾವುದಾದರೂ ಬಾಗಿಲು, ನಲ್ಲಿ, ವೈರು, ಬಣ್ಣ ಅಲ್ಲೇ ಕೊಳ್ಳಬೇಕು. ನಂಬಿಕೆ ಬಂದ ಗಿರಾಕಿ ಮತ್ತೆ ಅದೇ ಮೆಟ್ಟಿಲು ಹತ್ತುತ್ತಾನೆ. ತೋರಿಸಿ ನಂಬಿಕೆ ಗಳಿಸುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಲೋವ್ಸ್ ಎಂಬ ಕಂಪನಿ 1921ರಲ್ಲಿ ಒಂದು ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಾಗಿ ಶುರುವಾದದ್ದು. 2014ರಲ್ಲಿ ಅದು ‘ಹೊಲೊರೂಮ್’ ತೋರಿಸಿತು: ಗಿರಾಕಿ ತನ್ನ ಬಚ್ಚಲುಮನೆ ರಿಪೇರಿಯಾದ ಮೇಲೆ ಹೇಗೆ ಕಾಣುತ್ತದೆಂದು ಕೊಳ್ಳುವ ಮೊದಲೇ ಅದರೊಳಗೆ ನಿಂತು ನೋಡಬಹುದಿತ್ತು. ಅದೇ ಕಂಪನಿಯ ತಂತ್ರಜ್ಞಾನ ಕಚೇರಿ ನಮ್ಮ ಬೆಂಗಳೂರಿನಲ್ಲಿದೆ. ಅಷ್ಟು ದುಡ್ಡಿನ ಆಟ ನಮಗೆ ಬೇಡ, ತೋರಿಸಿ ಮಾರುವ ಬುದ್ಧಿ ಸಾಕು.

ಆದ್ದರಿಂದ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಕಟ್ಟಡ ಸಾಮಗ್ರಿ ವರ್ತಕರಲ್ಲಿ ಒಂದು ಬಿನ್ನಹ. ಸಿಮೆಂಟ್ ಮೂಟೆಗಳ ಪಕ್ಕದಲ್ಲಿ ಒಂದು ಜರಡಿ, ಒಂದು ಕೈಯಂತ್ರ ಇಡಿ. ಬಿಡುವಿನ ದಿನ ಮೇಸ್ತ್ರಿಗಳನ್ನು ಕರೆದು, ಅವರವರ ಊರಿನ ಮಣ್ಣು ತರಿಸಿ, ಕಟ್ಟಿಸುವವರ ಕಣ್ಣೆದುರೇ ಇಟ್ಟಿಗೆ ಹಾಕಿಸಿ. ತಿಂಗಳಾದ ಮೇಲೆ ಅದನ್ನು ನೀರಲ್ಲಿ ನೆನೆಸಿಟ್ಟು ಪರೀಕ್ಷಿಸಿ, ಒಡೆದರೆ ಒಡೆಯಿತೆಂದೇ ಹೇಳಿ, ನಿಂತದ್ದನ್ನು ಮಾತ್ರ ಮಾರಿ.